ಜೊತೆಗೆ ಯಾರು ಬಂದಿದ್ದಾರೆ?

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಸದಸ್ಯೆಯೊಬ್ಬರು ತಮ್ಮ ತಾಯಿಯನ್ನು ನೆನೆದು ಆಡಿದ ಮಾತುಗಳು)



ಅಮ್ಮ ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷವಾಗುತ್ತದೆ. ಅವಳ ಹೆಸರಿನಲ್ಲಿ ನಾವು ಮೂವರು ಮಕ್ಕಳು ನಿಧಿಗೆ ಸ್ವಲ್ಪ ಹಣ ಕೊಡುತ್ತೇವೆ ಎಂದು ಹೇಳಿದಾಗ ಕಾರ್ಯದರ್ಶಿಗಳು, “ಹಣ ಸರಿ, ಅವರ ಬಗ್ಗೆ ನಾಲ್ಕು ಮಾತೂ ಬೇಕಲ್ಲ” ಎಂದರು. ವೇದಿಕೆಯ ಮೇಲೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಅದಕ್ಕೇ ಬರೆದುಕೊಂಡು ಬಂದಿದ್ದೇನೆ. ಅಮ್ಮನನ್ನು ಹೊಗಳಬೇಕೆಂದು ನಿಂತಿಲ್ಲ. ಹೊಗಳಿದರೆ ಅವಳಿಗೆ ಆಗುತ್ತಲೂ ಇರಲಿಲ್ಲ. “ಸಾಕು, ಒಲೆ ಮೇಲೆ ಎಂತ ಇತ್ತ್ ಕಾಣ್” ಎಂದು ಎಬ್ಬಿಸಿಬಿಡುತ್ತಿದ್ದಳು. ಅವಳು ರೋಗಿಗಳ ಕೆಲಸವನ್ನು ಹೇಗೆ ಮಾಡುತ್ತಿದ್ದಳು ಎಂಬುದನ್ನಷ್ಟೇ ಹೇಳುತ್ತೇನೆ. ಅದರಿಂದ ನಮ್ಮ ನಿಧಿಗೆ ಉಪಯೋಗವಾಗಬಹುದು.

ಅಮ್ಮ ಹುಟ್ಟಿದ್ದು ಕುಂದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಓದಿದ್ದು ನಾಲ್ಕನೆಯ ತರಗತಿಯವರೆಗೆ. 1969ರಲ್ಲಿ ಮದುವೆಯಾಗಿ, ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿ ಮುಂಬಯಿಗೆ ಬಂದಳು. ಅಪ್ಪ ಪರೇಲಿನ ಒಂದು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಯವರು. ಚಾಳಿನ ಮೂರನೆಯ ಮಾಳಿಗೆಯಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ. ಅದರಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ಆಮೇಲೆ ನಾವು ಮೂವರು. ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ ನಾಲ್ಕೂವರೆಗೆ. ಇಲ್ಲಿ ಕುಳಿತಿರುವ ಅನೇಕರಿಗೆ ಆ ಬದುಕು ಗೊತ್ತು, ವಿವರಿಸಬೇಕಾಗಿಲ್ಲ.

ಆ ಕೋಣೆಗೆ ಒಂದು ವಿಶೇಷವಿತ್ತು. ಅಲ್ಲಿಂದ ಟಾಟಾ ಆಸ್ಪತ್ರೆಗೆ ನಡೆದು ಹೋಗಬಹುದಿತ್ತು. 1941ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ಆ ಹೊತ್ತಿಗೆ ನಮ್ಮ ಕಡೆಯ ಹಳ್ಳಿಹಳ್ಳಿಗೂ ಮುಟ್ಟಿತ್ತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು ನಿಜ. ಆದರೆ ನಮ್ಮ ಕರಾವಳಿಯವರಿಗೆ ಬೆಂಗಳೂರಿನಲ್ಲಿ ಗುರುತಿನವರು ಕಡಿಮೆ. ಮುಂಬಯಿಯಲ್ಲಿ ಮನೆಗೊಬ್ಬರು ಇದ್ದರು. ದೊಡ್ಡ ಕಾಯಿಲೆ ಎಂದೊಡನೆ ಜನ ಮೊದಲು ಹುಡುಕುವುದು ಒಂದು ವಿಳಾಸವನ್ನು. ನಮ್ಮ ಚಾಳಿನ ವಿಳಾಸ ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಮೊದಲು ಬಂದವರು ಅಪ್ಪನ ಸಂಬಂಧಿಕರು. ಆಮೇಲೆ ಅವರ ಊರಿನವರು. ಆಮೇಲೆ ಯಾರೆಂದೇ ಗೊತ್ತಿಲ್ಲದವರು. ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಒಂದು ಚೀಲ, ಒಂದು ತೆಂಗಿನಕಾಯಿ ಕಟ್ಟು, ಪಕ್ಕದಲ್ಲಿ ಮುದುಡಿ ಕುಳಿತ ಇಬ್ಬರು. ಅಮ್ಮ ಕೇಳುತ್ತಿದ್ದ ಮೊದಲ ಪ್ರಶ್ನೆ ಕಾಯಿಲೆ ಏನು ಎಂಬುದಲ್ಲ. “ಹ್ವಾಯ್, ಮೊದ್ಲ್ ಕೂಕಣಿ” ಎಂದು ಕೂರಿಸಿ, ಗಂಜಿ ಬಡಿಸಿ, ಆಮೇಲೆ ಕೇಳುತ್ತಿದ್ದಳು: “ಜೊತೆಗೆ ಯಾರು ಬಂದಿದ್ದಾರೆ?”

ಅಮ್ಮನ ಬಳಿ ಹಾಲಿನ ಲೆಕ್ಕದ ಪುಸ್ತಕವೊಂದಿತ್ತು. ಅದರ ಹಿಂಬದಿಯಿಂದ ಅವಳು ಬೇರೊಂದು ಲೆಕ್ಕ ಬರೆಯುತ್ತಿದ್ದಳು. ಒಂದು ಪುಸ್ತಕ ಮುಗಿದು ಎರಡನೆಯದಾಯಿತು, ಮೂರನೆಯದಾಯಿತು. ಮೂರೂ ಈಗ ನನ್ನ ಬಳಿ ಇವೆ. ಪ್ರತಿ ಪುಟದಲ್ಲಿ ನಾಲ್ಕು ಕಾಲಂ. ಊರು ಯಾವುದು, ಆಸ್ಪತ್ರೆಯ ಫೈಲ್ ನಂಬರ್ ಎಷ್ಟು, ಮುಂದೆ ಯಾವಾಗ ಬರಲು ಹೇಳಿದ್ದಾರೆ, ಜೊತೆಗೆ ಯಾರು. ಯಾರಿಗೆ ಎಷ್ಟು ಹಣ ಕೊಟ್ಟೆ ಎಂಬ ಕಾಲಂ ಇಲ್ಲ. ಕೊಡಲು ಅವಳ ಹತ್ತಿರ ಹಣವೂ ಇರಲಿಲ್ಲ. ನಾಲ್ಕನೆಯ ಕಾಲಂನಲ್ಲಿ ‘ಮಗ’, ‘ಹೆಂಡತಿ’, ‘ಭಾವ’ ಎಂದು ಬರೆದಿದೆ. ಯಾರೂ ಬಾರದೆ ಒಬ್ಬರೇ ಬಂದವರ ಸಾಲಿನಲ್ಲಿ ‘ನಾನು’ ಎಂದಿದೆ. ಅವಳು ತೀರಿಕೊಂಡ ಮೇಲೆ ಒಂದು ರಾತ್ರಿ ಅಂಥ ‘ನಾನು’ಗಳನ್ನು ಎಣಿಸಲು ಕುಳಿತೆ. ಮೊದಲ ಪುಸ್ತಕ ಮುಗಿಯುವ ಮೊದಲೇ ಲೆಕ್ಕ ತಪ್ಪಿ ನಿಲ್ಲಿಸಿದೆ.

ಜೊತೆಗೊಬ್ಬರು ಏಕೆ ಬೇಕು ಎಂಬುದಕ್ಕೆ ಅಮ್ಮ ಯಾವಾಗಲೂ ಹೇಳುತ್ತಿದ್ದ ಒಂದು ಸಂಗತಿ ಇದೆ. ಬೈಂದೂರು ಕಡೆಯ ಒಬ್ಬರು, ಐವತ್ತರ ಆಸುಪಾಸು, ಹಿಂದಿ ಬಾರದು. ಒಂದು ಆಸ್ಪತ್ರೆಯಲ್ಲಿ ಅವರಿಗೆ ಹೊಟ್ಟೆಯ ಪರೀಕ್ಷೆಗೆ ದಿನ ಕೊಟ್ಟು, “ಖಾಲಿ ಪೇಟ್ ಆನಾ” ಎಂದು ಹೇಳಿ ಕಳಿಸಿದರು. ಇವರು ತಲೆಯಾಡಿಸಿ ಬಂದರು. ಪೇಟೆ ಖಾಲಿ ಇರುವಾಗ ಬರಬೇಕು ಎಂದು ಅವರಿಗೆ ಅರ್ಥವಾಗಿತ್ತು. ಹೇಳಿದ ದಿನ, ಅಂಗಡಿ ಬಾಗಿಲು ತೆಗೆಯುವ ಮೊದಲೇ, ಬೆಳಗಿನ ಐದೂವರೆಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತರು. ದಾರಿಯಲ್ಲಿ ಎರಡು ಪಾವ್, ಒಂದು ಚಹಾ ತೆಗೆದುಕೊಂಡಿದ್ದರು. ಪರೀಕ್ಷೆ ನಡೆಯಲಿಲ್ಲ. ಮತ್ತೆ ದಿನ ಸಿಕ್ಕಿದ್ದು ಹನ್ನೆರಡು ದಿನಗಳ ನಂತರ. ಆ ಹನ್ನೆರಡು ದಿನ ಅವರು ಇದ್ದದ್ದು ನಮ್ಮ ಕೋಣೆಯ ಹೊರಗಿನ ಪಡಸಾಲೆಯಲ್ಲಿ.

ಈ ಕಥೆ ಕೇಳಿ ಈಗ ನೀವು ನಕ್ಕಿರಿ. ನಾವೂ ಚಿಕ್ಕವರಿದ್ದಾಗ ನಕ್ಕಿದ್ದೆವು. ಅಮ್ಮ ನಗಲಿಲ್ಲ. ಅವರಿಗೆ ಹಣದ ಕೊರತೆ ಇರಲಿಲ್ಲ, ಗದ್ದೆ ಅಡವಿಟ್ಟು ತಂದಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರೂ ಇದ್ದರು, ಯಂತ್ರವೂ ಇತ್ತು. ಇಲ್ಲದೇ ಹೋದದ್ದು ಆ ಎರಡು ಶಬ್ದಕ್ಕೆ ಅರ್ಥ ಹೇಳುವ ಒಬ್ಬರು. ಅಲ್ಲಿಂದ ಮುಂದೆ ಅಮ್ಮ ತಾನೇ ಹೋಗತೊಡಗಿದಳು. ಅವಳ ಹಿಂದಿಯೂ ಮರಾಠಿಯೂ ನಲ್ಲಿಯ ಸಾಲಿನಲ್ಲಿ ಕಲಿತದ್ದು, ವ್ಯಾಕರಣ ಕೇಳಬೇಡಿ. ಆದರೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಹೇಳುವ ಧೈರ್ಯ ಅವಳಿಗಿತ್ತು. “ಸಾಹೇಬ್ರೇ, ಇನ್ನೊಂದ್ ಸಲ ಹೇಳಿ” ಎಂದು ಡಾಕ್ಟರ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಬಡ ರೋಗಿ ಆಸ್ಪತ್ರೆಯಲ್ಲಿ ಆಡಲು ಹೆದರುವುದು ಅದೇ ಒಂದು ಮಾತನ್ನು.

1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಗಿರಣಿ ನಿಂತ ಮೇಲೆ ಕ್ಯಾಂಟೀನಿಗೇನು ಕೆಲಸ? ಅಪ್ಪ ಮನೆಯಲ್ಲಿ ಕುಳಿತರು. ಅಮ್ಮ ಬ್ಯಾಂಕು, ಆಫೀಸುಗಳ ಒಂಟಿ ಹುಡುಗರಿಗೆ ಊಟದ ಡಬ್ಬಾ ಶುರು ಮಾಡಿದಳು. ನಮ್ಮ ಶಾಲೆಯ ಖರ್ಚು, ಚಿಕ್ಕಪ್ಪನ ಮದುವೆ, ಎಲ್ಲವೂ ಆ ಡಬ್ಬಾದಿಂದಲೇ ನಡೆಯಿತು. ಇಷ್ಟರ ನಡುವೆ ರೋಗಿಗಳು ಬರುವುದು ನಿಲ್ಲಲಿಲ್ಲ. “ನಮಗೇ ಇಲ್ಲ, ಇವರಿಗೆಲ್ಲಿಂದ?” ಎಂದು ಅಪ್ಪ ಒಂದೆರಡು ಸಲ ಸಿಡುಕಿದ್ದುಂಟು. ಅಮ್ಮ ಒಂದು ದಾರಿ ಕಂಡುಕೊಂಡಳು. ಊರಿನಿಂದ ಬರುವವರು ಕುಚ್ಚಲಕ್ಕಿ, ತೆಂಗಿನಕಾಯಿ, ಮಿಡಿ ಉಪ್ಪಿನಕಾಯಿ, ಹುಣಸೆಹಣ್ಣು ಏನು ತಂದರೂ ಬೇಡ ಎನ್ನಲಿಲ್ಲ. ಏನೂ ತಾರದವರಿಗೆ ತೆಂಗಿನಕಾಯಿ ತುರಿಯುವ, ಬೀನ್ಸ್ ಹೆಚ್ಚುವ ಕೆಲಸ ಕೊಟ್ಟಳು. “ಸುಮ್ಮನೆ ಕೂತು ಉಂಡರೆ ಅವರ ಗಂಟಲಲ್ಲಿ ಇಳಿಯುವುದಿಲ್ಲ” ಎನ್ನುತ್ತಿದ್ದಳು. ನೆರವು ಪಡೆಯುವವರ ಮಾನವೂ ಉಳಿಯಬೇಕು ಎಂಬುದನ್ನು ನಾನು ಕಲಿತದ್ದು ಆ ಬೀನ್ಸ್ ಬುಟ್ಟಿಯ ಎದುರಿನಲ್ಲಿ.

ಬಾಯಿ, ಗಂಟಲಿನ ಕ್ಯಾನ್ಸರ್ ಆದವರು ಬಹಳ ಬರುತ್ತಿದ್ದರು. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ನಮ್ಮ ಕಡೆ ಎಷ್ಟಿತ್ತೆಂದು ನಿಮಗೆ ಗೊತ್ತು. ಆಪರೇಷನ್ ಆದವರಿಗೆ ಮೂಗಿನಲ್ಲಿ ನಳಿಗೆ, ಅದರ ಮೂಲಕವೇ ಆಹಾರ. ಒಂದು ಅಗುಳು ಹೋದರೂ ನಳಿಗೆ ಕಟ್ಟಿಕೊಳ್ಳುತ್ತದೆ. ಅಮ್ಮ ಗಂಜಿಯನ್ನು ಚೆನ್ನಾಗಿ ಬೇಯಿಸಿ, ಕಡೆದು, ಬಿಳಿ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸಿ ಬಾಟಲಿಗೆ ತುಂಬುತ್ತಿದ್ದಳು. ಶಾಲೆಗೆ ಹೋಗುವ ದಾರಿಯಲ್ಲಿ ಅದನ್ನು ವಾರ್ಡಿಗೆ ಮುಟ್ಟಿಸುವುದು ನನ್ನ ಮತ್ತು ಅಣ್ಣನ ಕೆಲಸ. ನಾವು ಓದುತ್ತಿದ್ದದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ. ಬಾಟಲಿ ತಂದ ದಿನ ತಡವಾದರೆ ಮಾಸ್ತರರು ಕಾರಣ ಕೇಳುತ್ತಿರಲಿಲ್ಲ.

ಎಲ್ಲರೂ ಗುಣವಾಗಲಿಲ್ಲ. ಇದನ್ನು ಹೇಳದೆ ಬಿಟ್ಟರೆ ಅಮ್ಮನ ಕೆಲಸದ ಅರ್ಧ ಭಾಗ ಬಿಟ್ಟಂತೆ. ಊರಿಗೆ ಮುಟ್ಟಿದ ಮೇಲೆ ಒಂದು ಕಾರ್ಡು ಹಾಕಿ ಎಂದು ಅವಳು ಎಲ್ಲರಿಗೂ ಹೇಳಿ, ವಿಳಾಸ ಬರೆದ ಪೋಸ್ಟ್ ಕಾರ್ಡ್ ಕೊಟ್ಟು ಕಳಿಸುತ್ತಿದ್ದಳು. ಕೆಲವು ಕಾರ್ಡು ಬಂದವು. ಕೆಲವು ಬೇರೆಯವರ ಕೈಬರಹದಲ್ಲಿ ಬಂದವು. ಆಗ ಅವಳು ಪುಸ್ತಕದಲ್ಲಿ ಆ ಸಾಲಿನ ಮುಂದೆ ಒಂದು ಚುಕ್ಕೆ ಇಡುತ್ತಿದ್ದಳು, ಹೊಡೆದು ಹಾಕುತ್ತಿರಲಿಲ್ಲ. “ನಾನು ಬದುಕುತ್ತೇನಾ ಅಕ್ಕಾ?” ಎಂದು ಅವಳನ್ನು ಕೇಳಿದವರು ಎಷ್ಟೋ ಜನ. ‘ಎಲ್ಲ ಸರಿಯಾಗುತ್ತದೆ’ ಎಂದು ಅವಳು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. “ಅದ್ ಡಾಕ್ಟ್ರಿಗ್ ಗೊತ್ತು. ನಾಳೆ ಬೆಳಿಗ್ಗೆ ಆರ್ ಗಂಟಿಗೆ ನಾನ್ ಬತ್ತೆ, ಅದ್ ನಂಗ್ ಗೊತ್ತು” ಎನ್ನುತ್ತಿದ್ದಳು. ಆರು ಗಂಟೆಗೆ ಹೋಗಿಯೂ ಹೋಗುತ್ತಿದ್ದಳು.

ಮುಂದೆ ನಾವು ಡೊಂಬಿವಲಿಗೆ ಬಂದೆವು. 1998ರಲ್ಲಿ ಕೊಂಕಣ ರೈಲು ಶುರುವಾಗಿ ಮತ್ಸ್ಯಗಂಧಾ ಗಾಡಿಯಲ್ಲಿ ಊರಿನವರು ಒಂದೇ ರಾತ್ರಿಯಲ್ಲಿ ಕುರ್ಲಾಕ್ಕೆ ಬಂದು ಇಳಿಯುವಂತಾಯಿತು. ಅಷ್ಟು ಹೊತ್ತಿಗೆ ಅಮ್ಮನಿಗೆ ಐವತ್ತು ಸಮೀಪಿಸಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಆದರೂ ಲೋಕಲ್ ಹಿಡಿದು ಪರೇಲಿಗೆ ಹೋಗುವುದು ಬಿಡಲಿಲ್ಲ. ಕನ್ನಡ ಸಂಘಗಳ ವೈದ್ಯಕೀಯ ನೆರವಿನ ಅರ್ಜಿ ತುಂಬಿಸುವುದನ್ನು ಕಲಿತದ್ದು ಆಗಲೇ. ಅರ್ಜಿಯನ್ನು ನಾನು ಬರೆಯುತ್ತಿದ್ದೆ, ಏನು ಬರೆಯಬೇಕೆಂದು ಅವಳು ಹೇಳುತ್ತಿದ್ದಳು.

ಈಗ ಅವಳ ಕೊನೆಯ ಮೂರು ವರ್ಷದ ಮಾತು. ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದಿತ್ತು. 2021ರ ಕೊನೆಯಲ್ಲಿ ಡಯಾಲಿಸಿಸ್ ಆರಂಭವಾಯಿತು. ಎಡಗೈಯಲ್ಲಿ ಫಿಸ್ಟುಲಾ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ರಕ್ತದೊತ್ತಡ ನೋಡುವಂತಿಲ್ಲ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ವರ್ಷಕ್ಕೆ ಲೆಕ್ಕ ಹಾಕಿದರೆ 156 ಸಲ. ನೀರು ಅಳತೆಯಲ್ಲಿ ಕುಡಿಯಬೇಕು. ಪೊಟ್ಯಾಸಿಯಂ ಏರುತ್ತದೆಂದು ಎಳನೀರು ಬೇಡ, ಬಾಳೆಹಣ್ಣು ಬೇಡ. ಊರಿಗೆಲ್ಲ ಗಂಜಿ ಸೋಸಿ ಕೊಟ್ಟವಳು ತನ್ನ ಗಂಜಿಯ ತಿಳಿಯನ್ನು ಬಸಿದು ಚೆಲ್ಲಬೇಕಾಯಿತು. ಅವಳು ದೂರಲಿಲ್ಲ. “ಇಷ್ಟ್ ವರ್ಷ ಕುಡಿದದ್ದು ಸಾಕು” ಎಂದಳು.

ನಾವು ಮೂವರು ಮಕ್ಕಳು, ಇಬ್ಬರಿಗೆ ಸಂಬಳದ ಕೆಲಸ. ಅಣ್ಣ ಸೋಮವಾರ, ತಮ್ಮ ಬುಧವಾರ, ನಾನು ಶುಕ್ರವಾರ. ನನ್ನ ಮಗಳು ಯಾರಿಗೆ ಆಗದಿದ್ದರೂ ಹೋಗುತ್ತಿದ್ದಳು. ಇಷ್ಟು ಜನ ಇದ್ದೂ ನಾವು ದಣಿದೆವು. ಮಗಳು ಮನೆಯಲ್ಲಿ ಕುಂದಾಪುರ ಕನ್ನಡ ಮಾತಾಡುತ್ತಾಳೆ, ಶಾಲೆ ಇಂಗ್ಲಿಷ್, ಕನ್ನಡ ಓದಲು ಬಾರದು. ನಾಲ್ಕು ಗಂಟೆ ಸುಮ್ಮನೆ ಮಲಗಲಾರದೆ ಅಮ್ಮ ತನ್ನ ಹಳೆಯ ಪುಸ್ತಕ ತರಿಸಿ ಮೊಮ್ಮಗಳಿಗೆ ಅಕ್ಷರ ಕಲಿಸಿದಳು. ಮೊದಲ ಕಾಲಂನ ಊರುಗಳೇ ಪಾಠ. ಕೋಟ, ಹೆಬ್ರಿ, ಗಂಗೊಳ್ಳಿ, ಬೈಂದೂರು, ಸಿದ್ದಾಪುರ. ಒತ್ತಕ್ಷರಕ್ಕೆ ಗಂಗೊಳ್ಳಿ, ದೊಡ್ಡ ಹೆಸರಿಗೆ ಶಂಕರನಾರಾಯಣ. ಊರು ಓದಿದ ಮೇಲೆ ಆ ಊರಿನಿಂದ ಬಂದವರ ಕಥೆ. ನನ್ನ ಮಗಳಿಗೆ ತನ್ನ ಅಜ್ಜಿ ಯಾರೆಂದು ಗೊತ್ತಾದದ್ದು ಆ ಡಯಾಲಿಸಿಸ್ ಕೋಣೆಯಲ್ಲಿ.

ಅದೇ ಕೋಣೆಯಲ್ಲಿ ಪಕ್ಕದ ಹಾಸಿಗೆಗೆ ಒಬ್ಬ ಹುಡುಗ ಬರುತ್ತಿದ್ದ. ಹಾಸನದ ಕಡೆಯವನು, ಹೋಟೆಲಿನಲ್ಲಿ ಕೆಲಸ, ಮೂವತ್ತರ ಒಳಗಿನ ವಯಸ್ಸು. ಯಾವಾಗಲೂ ಒಬ್ಬನೇ. ಮುಗಿದ ಮೇಲೆ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಟ್ಟಿಲು ಇಳಿಯುತ್ತಿದ್ದ. ಅವನ ಡಯಾಲಿಸಿಸ್ ಬಿಲ್ಲನ್ನು ಒಂದು ನೆರವು ನಿಧಿ ಕಟ್ಟುತ್ತಿತ್ತು. ಒಂದು ವಾರ ಆ ಹಾಸಿಗೆ ಎರಡು ಸಲ ಖಾಲಿ ಉಳಿಯಿತು. ನಾವು ಯಾರೂ ಗಮನಿಸಲಿಲ್ಲ, ಅಮ್ಮ ಗಮನಿಸಿದಳು. ಮೊಮ್ಮಗಳಿಗೆ ಹೇಳಿ ಫೋನು ಹಚ್ಚಿಸಿದಳು. ಅವನು ಹೇಳಿದ್ದು ಇಷ್ಟು: ಬಿಲ್ಲಿನ ಚಿಂತೆ ಇಲ್ಲ ಅಜ್ಜಿ, ಆದರೆ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗದಿದ್ದರೆ ಮೂರು ದಿನದ ಸಂಬಳವಿಲ್ಲ, ಬರುವಾಗ ಬಸ್ಸಾದರೂ ಹೋಗುವಾಗ ತಲೆ ಸುತ್ತಿ ರಿಕ್ಷಾ ಬೇಕು, ಈ ತಿಂಗಳು ಆಗಲಿಲ್ಲ.

ಡಯಾಲಿಸಿಸ್ ತಪ್ಪಿಸಿದರೆ ಏನಾಗುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು. ದೇಹದಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಸಾವಿರಾರು ರೂಪಾಯಿಯ ಬಿಲ್ಲು ಕಟ್ಟಿದ ನಿಧಿಯ ದಾನವೆಲ್ಲ ಒಂದು ರಿಕ್ಷಾದ ಬಾಡಿಗೆ ಇಲ್ಲದೆ ವ್ಯರ್ಥವಾಗುವುದರಲ್ಲಿತ್ತು. ಅಂದಿನಿಂದ ಅಣ್ಣನ ಗಾಡಿಯಲ್ಲಿ ಅವನಿಗೂ ಒಂದು ಜಾಗ. ಅಮ್ಮನ ಡಬ್ಬಿಯಲ್ಲಿ ಅವನಿಗೂ ಎರಡು ಇಡ್ಲಿ. ಮೂರನೆಯ ಪುಸ್ತಕದ ಕೊನೆಯ ಸಾಲು ಆ ಹುಡುಗನದು. ಅಕ್ಷರ ಮೊಮ್ಮಗಳದು. ನಾಲ್ಕನೆಯ ಕಾಲಂನಲ್ಲಿ ‘ನಾವು’ ಎಂದು ಬರೆದಿದೆ. ಅವನು ಈಗಲೂ ತಪ್ಪದೆ ಡಯಾಲಿಸಿಸ್‌ಗೆ ಹೋಗುತ್ತಿದ್ದಾನೆ. ಅಮ್ಮ 2024ರಲ್ಲಿ, ತನ್ನ 74ನೆಯ ವಯಸ್ಸಿನಲ್ಲಿ, ಮನೆಯಲ್ಲಿಯೇ, ನಾವೆಲ್ಲ ಇದ್ದಾಗ ಹೋದಳು. ಹನ್ನೆರಡನೆಯ ದಿನ ಆ ಹುಡುಗ ಬಂದು ಎಲೆ ಹಾಕಿ ಬಡಿಸಿದ.

ಮಾನ್ಯರೇ, ಅಮ್ಮನ ಬದುಕಿನಿಂದ ನಾನು ತಿಳಿದುಕೊಂಡದ್ದು ಒಂದೇ. ಆಸ್ಪತ್ರೆಯ ಬಿಲ್ಲು ಕಟ್ಟಿದಲ್ಲಿಗೆ ನೆರವು ಮುಗಿಯುವುದಿಲ್ಲ. ಹಣ ಬೇಕು, ಬಹಳ ಬೇಕು. ಆದರೆ ಆ ಹಣ ರೋಗಿಯನ್ನು ಮುಟ್ಟಬೇಕಾದರೆ ಜೊತೆಗೆ ಒಬ್ಬ ಮನುಷ್ಯನೂ ಬೇಕು. ಆದ್ದರಿಂದ ನಮ್ಮ ಕುಟುಂಬದ ಪರವಾಗಿ ಮೂರು ವಿನಂತಿ.

ಮೊದಲನೆಯದು, ನಾವು ಕೊಡುತ್ತಿರುವ ಹಣವನ್ನು ಯಾವ ಬಿಲ್ಲಿನಲ್ಲಿಯೂ ಕಾಣದ ಖರ್ಚಿಗೆ ಮೀಸಲಿಡಿ. ರಿಕ್ಷಾ, ರೈಲು, ಊಟ, ಉಳಿಯಲು ಜಾಗ, ತಪ್ಪಿದ ದಿನಗೂಲಿ. ಈ ಖಾತೆಗೆ ನೂರು ರೂಪಾಯಿ ಕೊಟ್ಟರೂ ಅದು ಒಬ್ಬರನ್ನು ಒಂದು ಸಲ ಮನೆ ಮುಟ್ಟಿಸಬಹುದು. ದಾನಿಗಳು ಸಣ್ಣ ಮೊತ್ತವೆಂದು ಸಂಕೋಚಪಡಬೇಡಿ.

ಎರಡನೆಯದು, ಊರಿನಿಂದ ಯಾರಾದರೂ ಚಿಕಿತ್ಸೆಗೆ ಹೊರಟರೆ, ಗಾಡಿ ಹತ್ತುವ ಮೊದಲೇ ಅವರಿಗೆ ಫೋನು ಮಾಡಿ ಹೇಳಿ. ಆಧಾರ್, ರೇಷನ್ ಕಾರ್ಡಿನ ಝೆರಾಕ್ಸ್ ನಾಲ್ಕು ಸೆಟ್ ಇರಲಿ. ಬಯಾಪ್ಸಿ ಆಗಿದ್ದರೆ ರಿಪೋರ್ಟ್ ಮಾತ್ರವಲ್ಲ, ಅದರ ಸ್ಲೈಡ್ ಮತ್ತು ಬ್ಲಾಕನ್ನೂ ಕೇಳಿ ತನ್ನಿ. ಇಲ್ಲಿ ಮತ್ತೆ ಪರೀಕ್ಷಿಸಲು ಬೇಕಾಗುತ್ತದೆ. ಆಯುಷ್ಮಾನ್ ಕಾರ್ಡ್ ಇದ್ದರೆ ಈ ಆಸ್ಪತ್ರೆಯಲ್ಲಿ, ಈ ಕಾಯಿಲೆಗೆ ಅದು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲಿಗೆ ಬಂದ ಮೇಲೆ ಆಸ್ಪತ್ರೆಯ ಸಮಾಜ ಸೇವಾ ವಿಭಾಗವನ್ನು ಮೊದಲು ಕಾಣಿ. ಮಹಾರಾಷ್ಟ್ರದಲ್ಲಿ ಚಾರಿಟೇಬಲ್ ಟ್ರಸ್ಟಿನ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕೆಂಬ ನಿಯಮ ಇದೆ. ಕೇಳಿದವರಿಗೆ ಸಿಗುತ್ತದೆ, ಕೇಳಲು ಗೊತ್ತಿರಬೇಕು.

ಮೂರನೆಯದೇ ಮುಖ್ಯ. ತಿಂಗಳಿಗೆ ಒಂದು ದಿನ ಕೊಡಿ. ಈ ಸಭಾಂಗಣದಲ್ಲಿ ಮೂವತ್ತು ಜನ ಒಂದೊಂದು ದಿನ ಕೊಟ್ಟರೆ ತಿಂಗಳ ಪ್ರತಿ ದಿನವೂ ಒಬ್ಬ ರೋಗಿಯ ಜೊತೆ ಒಬ್ಬ ಕನ್ನಡಿಗ ಇರುತ್ತಾನೆ. ವೈದ್ಯಕೀಯ ಜ್ಞಾನ ಬೇಕಾಗಿಲ್ಲ. ಹಿಂದಿ, ಮರಾಠಿ ಒಂದಿಷ್ಟು ಬಂದರೆ ಸಾಕು, ಸಾಲಿನಲ್ಲಿ ನಿಲ್ಲುವ ತಾಳ್ಮೆ ಇದ್ದರೆ ಸಾಕು, “ಇನ್ನೊಂದು ಸಲ ಹೇಳಿ” ಎಂದು ಕೇಳುವ ಧೈರ್ಯ ಇದ್ದರೆ ಸಾಕು. ನಿವೃತ್ತರಾದವರಿಗೆ, ಮನೆಯಲ್ಲಿರುವ ಗೃಹಿಣಿಯರಿಗೆ ಇದು ವಿಶೇಷ ವಿನಂತಿ. ನನ್ನ ಅಮ್ಮ ಓದಿದ್ದು ನಾಲ್ಕನೆಯ ತರಗತಿ. ಅವಳಿಂದ ಆದದ್ದು ನಮ್ಮಿಂದ ಆಗದೇ?

ನನ್ನ ಮಗಳು ಹೊಸ ಪುಸ್ತಕವೊಂದಕ್ಕೆ ಅದೇ ನಾಲ್ಕು ಕಾಲಂ ಗೆರೆ ಹಾಕಿ ತಂದಿದ್ದಾಳೆ. ಅದನ್ನು ವೈದ್ಯಕೀಯ ನೆರವು ಸಮಿತಿಗೆ ಒಪ್ಪಿಸುತ್ತಿದ್ದೇವೆ. ಕೊನೆಯ ಪುಟದಲ್ಲಿ ಜೊತೆಗೆ ಹೋಗುವವರ ಪಟ್ಟಿಗೆ ಜಾಗ ಬಿಟ್ಟಿದೆ. ಎರಡನೆಯ ಶನಿವಾರಕ್ಕೆ ನನ್ನ ಹೆಸರು, ನಾಲ್ಕನೆಯ ಶನಿವಾರಕ್ಕೆ ಮಗಳ ಹೆಸರು ಬರೆದಾಗಿದೆ. ಸಭೆ ಮುಗಿದ ಮೇಲೆ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲೆ ಇರುತ್ತದೆ, ಪೆನ್ನೂ ಇದೆ. ಚಹಾ ಕುಡಿಯಲು ಹೋಗುವ ಮೊದಲು ದಯವಿಟ್ಟು ನಿಮಗೆ ಆಗುವ ದಿನವನ್ನು ಬರೆದು ಹೋಗಿ.